ಮೂರು ಪಿನ್ನು ಹೋದವು: .308 ಖಾಲಿ ತೋಟಾಗಳಿಂದ ಹಳೆಯ ಪ್ರೈಮರ್ ತೆಗೆಯುವುದು ಹೇಗೆ?

ತುಂಗಾತೀರ (ಓಹಾಯೊ) · ಶನಿವಾರ ಬೆಳಿಗ್ಗೆ

ಹೊಸಬನ ಪ್ರಶ್ನೆ, ಬೈಯಬೇಡಿ. ಎರಡು ವರ್ಷದಿಂದ ಇಲ್ಲಿನ ಕ್ಲಬ್ಬಿನಲ್ಲಿ .308 ವಿಂಚೆಸ್ಟರ್ ರೈಫಲ್ಲಿನಿಂದ ಗುರಿ ಹೊಡೆಯುತ್ತಿದ್ದೇನೆ. ಅಂಗಡಿ ತೋಟಾಗಳ ಬೆಲೆ ಕೊಟ್ಟು ಕೊಟ್ಟು ಸಾಕಾಗಿ, ಈ ಚಳಿಗಾಲ ನಾನೇ ತುಂಬಿಕೊಳ್ಳೋಣ ಎಂದು ಹೊರಟೆ. ತೋಟಾ ತುಂಬುವ ಹಳೆಯ ರಾಕ್ ಚಕರ್ ಪ್ರೆಸ್ ಒಂದು ಅಗ್ಗಕ್ಕೆ ಸಿಕ್ಕಿತು. ರೇಂಜಿನ ಹಿರಿಯರೊಬ್ಬರು ಒಂದು ಚೀಲ ಖಾಲಿ ಹಿತ್ತಾಳೆ ತೋಟಾಗಳನ್ನು ಬಿಟ್ಟಿಯಾಗಿಯೇ ಕೊಟ್ಟರು. ಎಣಿಸಿದೆ, 340 ಇವೆ.

ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದ್ದೇನೆ. ಪ್ರೈಮರ್ ಎಂದರೆ ತೋಟಾದ ತಳದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಸಣ್ಣ ಲೋಹದ ಬಟ್ಟಲು. ಸೈಜಿಂಗ್ ಡೈಯ (ತೋಟಾವನ್ನು ಮತ್ತೆ ಅಳತೆಗೆ ತರುವ ಅಚ್ಚಿನ) ಪಿನ್ನು ಉರಿದ ಪ್ರೈಮರನ್ನು ಒಳಗಿನಿಂದ ತಳ್ಳಿ ಕೆಳಗೆ ಬೀಳಿಸಬೇಕು. ಮೊದಲ ನಲವತ್ತು ಸರಾಗವಾಗಿ ಬಂದವು. ನಲವತ್ತೊಂದನೆಯದಕ್ಕೆ ಪ್ರೆಸ್ಸಿನ ಹಿಡಿ ನಡುವೆಯೇ ನಿಂತಿತು. ಸ್ವಲ್ಪ ಭಾರ ಹಾಕಿದೆ, ಟಕ್ ಎಂದು ಪಿನ್ನು ಮುರಿಯಿತು. ಹೊಸ ಪಿನ್ನು ಹಾಕಿದೆ. ನಾಲ್ಕು ತೋಟಾ ಆಗುವುದರೊಳಗೆ ಅದು ಬಾಗಿತು. ಮೂರನೆಯದು ಮುರಿಯಲೂ ಇಲ್ಲ, ಬಾಗಲೂ ಇಲ್ಲ. ತೋಟಾದೊಳಗೇ ಕಚ್ಚಿಕೊಂಡು, ಹಿಡಿ ಎತ್ತಿದಾಗ ಪಿನ್ನು ಹಿಡಿದಿರುವ ಡೈಯ ಕಾಂಡದಿಂದ ಕಳಚಿಕೊಂಡು ಹೋಯಿತು. ಬುಡಮೇಲು ಮಾಡಿ ಕುಟ್ಟಿದರೂ ಬೀಳುತ್ತಿಲ್ಲ.

ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕುಳಿತಿದ್ದೇನೆ. ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡಬೇಕೆಂದು ಮನೆಯವರ ಆಜ್ಞೆಯಾಗಿದೆ. ಯಾರಾದರೂ ದಾರಿ ತೋರಿಸಿ.

ಗ್ಯಾರೇಜ್ ಭಟ್ಟ (ಟೆಕ್ಸಾಸ್)

ಇದು ಸೇನೆಯ ಹಿತ್ತಾಳೆ. ನೂರಕ್ಕೆ ನೂರು. ತಳದ ಮುದ್ರೆ ನೋಡಿ, ವೃತ್ತದೊಳಗೆ ಕೂಡು ಗುರುತು ಇದ್ದರೆ ಅದು ನೇಟೊ ಗುರುತು. ಮೆಷಿನ್ ಗನ್ನಿನ ಕುಲುಕಾಟಕ್ಕೆ ಪ್ರೈಮರ್ ಹೊರಬಿದ್ದು ಯಂತ್ರದಲ್ಲಿ ಸಿಕ್ಕಿಕೊಳ್ಳಬಾರದೆಂದು ಕಾರ್ಖಾನೆಯಲ್ಲೇ ಪ್ರೈಮರ್ ಗುಳಿಯ ಅಂಚನ್ನು ಒಳಕ್ಕೆ ಬಡಿದಿರುತ್ತಾರೆ. ಇದಕ್ಕೆ ಕ್ರಿಂಪ್ ಎನ್ನುತ್ತಾರೆ. ನಮ್ಮ ಅಜ್ಜಿ ಹೋಳಿಗೆಯ ಕಣಕದ ಬಾಯಿ ಮುಚ್ಚುತ್ತಿದ್ದ ಹಾಗೆ. ಹಿಡಿಯನ್ನು ಗಟ್ಟಿಯಾಗಿ ಎಳೆಯಿರಿ, ಬರುತ್ತದೆ.

ಹಳೇ ಲೇತು (ಬೆಂಗಳೂರು, ಸದ್ಯ ಮಗನ ಮನೆ, ಮಿಷಿಗನ್)

ಭಟ್ಟರೇ, ನಿಲ್ಲಿ. ಗಟ್ಟಿಯಾಗಿ ಎಳೆಯಿರಿ ಎಂದು ಹೇಳುವ ಮೊದಲು ಏನು ತಡೆಯುತ್ತಿದೆ ಎಂದು ಕೇಳಬೇಡವೇ? ಮೂವತ್ತಮೂರು ವರ್ಷ ಟೂಲ್ ರೂಮಿನಲ್ಲಿದ್ದವನು ನಾನು. ಒಂದು ಪಂಚ್ ಮುರಿದು ಬಂದರೆ ಹೊಸದನ್ನು ಕೊಡುವ ಮೊದಲು ಮುರಿದದ್ದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಅದು ಮುರಿದ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ.

ತುಂಗಾತೀರರೇ, ನಿಮ್ಮ ಮೂರೂ ಪಿನ್ನುಗಳ ರೋಗ ಬೇರೆ ಬೇರೆ. ಒಂದು ತುಂಡಾಯಿತು, ಇನ್ನೊಂದು ಬಾಗಿತು, ಮತ್ತೊಂದು ಕಚ್ಚಿಕೊಂಡಿತು. ಒಂದೇ ಕಾರಣವಾಗಿದ್ದರೆ ಮೂರೂ ಒಂದೇ ತರಹ ಹಾಳಾಗುತ್ತಿದ್ದವು. ಕ್ರಿಂಪ್ ಇರುವ ಪ್ರೈಮರ್ ಬಿಗಿಯಾಗಿ ಬರುತ್ತದೆ, ನಿಜ. ಆದರೆ ಪಿನ್ನು ನೆಟ್ಟಗಿದ್ದರೆ ಬಂದೇ ಬರುತ್ತದೆ. ಕ್ರಿಂಪಿನ ನಿಜವಾದ ಕಾಟ ಹೊಸ ಪ್ರೈಮರ್ ಕೂರಿಸುವಾಗ.

ಈಗ ಒಂದು ಕೆಲಸ ಮಾಡಿ. ಪ್ರೆಸ್ಸನ್ನು ಮುಟ್ಟಬೇಡಿ. ಸಣ್ಣ ಟಾರ್ಚು ತೆಗೆದುಕೊಂಡು ಆ ಮೂರು ತೋಟಾಗಳ ಬಾಯಿಯೊಳಗೆ ಬೆಳಕು ಬಿಟ್ಟು ತಳ ನೋಡಿ. ಕಿಡಿ ಹೋಗುವ ತೂತು ಎಷ್ಟಿವೆ, ಎಲ್ಲಿದೆ, ಎಷ್ಟು ದೊಡ್ಡದು, ಹೇಳಿ.

ಶರಾವತಿ (ಅರಿಜೋನಾ)

ಊಟದ ಮೇಜಿನ ಮೇಲೆಯೇ? ಮನೆಯಲ್ಲಿ ಮಕ್ಕಳಿದ್ದಾರೆಯೇ?

ತುಂಗಾತೀರ

ಶರಾವತಿ ಅಕ್ಕ, ನಾಲ್ಕು ವರ್ಷದ ಮಗಳಿದ್ದಾಳೆ. ಏಕೆ?

ಲೇತು ಸರ್, ನೋಡಿದೆ. ಪಿನ್ನು ಮುರಿದ ತೋಟಾದಲ್ಲಿ ನಡುವೆ ತೂತೇ ಇಲ್ಲ! ನಡುವೆ ಸಣ್ಣ ಗುಬುಟು, ಅದರ ಎರಡೂ ಬದಿಗೆ ಸೂಜಿ ಮೊನೆಯಂಥ ಎರಡು ತೂತು. ಹಂದಿಯ ಮೂತಿಯ ಹಾಗಿದೆ. ಪಿನ್ನು ಬಾಗಿದ ತೋಟಾದಲ್ಲಿ ನಡುವೆ ಒಂದೇ ತೂತು, ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಚ್ಚಿಕೊಂಡದ್ದರೊಳಗೆ ಪಿನ್ನೇ ನಿಂತಿರುವುದರಿಂದ ಏನೂ ಕಾಣುವುದಿಲ್ಲ. ಆದರೆ ಹೊರಗಿನಿಂದ ನೋಡಿದರೆ ಇದರ ಪ್ರೈಮರ್ ಉಳಿದವಕ್ಕಿಂತ ಚಿಕ್ಕದು. ನನ್ನ ಭ್ರಮೆಯೇನೋ.

ಹಳೇ ಲೇತು

ಭ್ರಮೆಯಲ್ಲ. ವರ್ನಿಯರ್ ಇದ್ದರೆ ಅಳೆಯಿರಿ. ದೊಡ್ಡ ರೈಫಲ್ ಪ್ರೈಮರ್ 5.3 ಮಿಲಿಮೀಟರಿನ ಆಸುಪಾಸು ಇರುತ್ತದೆ, ಚಿಕ್ಕದು 4.4. ತಳದಲ್ಲಿ ಲಾಪುವಾ ಎಂದು ಮುದ್ರೆ ಇದೆಯೇ?

ತುಂಗಾತೀರ

ಇದೆ! 4.4. ನಿಮಗೆ ಹೇಗೆ ಗೊತ್ತಾಯಿತು?

ಗ್ಯಾರೇಜ್ ಭಟ್ಟ

ನೂರಕ್ಕೆ ನೂರು ಎಂದಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಹಂದಿಮೂತಿಯದನ್ನು ನಾನು ಹೇಳುತ್ತೇನೆ, ಉಳಿದದ್ದು ಲೇತು ಸರ್ ಪಾಲು.

ಅದು ಬರ್ಡಾನ್ ತೋಟಾ. ಪ್ರೈಮರ್ ಉರಿಯಬೇಕಾದರೆ ಅದರೊಳಗಿನ ಮದ್ದು ಎರಡು ಲೋಹದ ನಡುವೆ ಸಿಕ್ಕಿ ಜಜ್ಜಿಹೋಗಬೇಕು. ಒಂದು ಕಡೆಯಿಂದ ರೈಫಲ್ಲಿನ ಸೂಜಿ ಹೊಡೆಯುತ್ತದೆ, ಇನ್ನೊಂದು ಕಡೆ ಅಡಿಗಲ್ಲು ಬೇಕು. ಇಂಗ್ಲೆಂಡಿನ ಕರ್ನಲ್ ಬಾಕ್ಸರ್ ಆ ಅಡಿಗಲ್ಲನ್ನು ಪ್ರೈಮರಿನೊಳಗೇ ಇಟ್ಟ. ಹಾಗಾಗಿ ತೋಟಾದ ತಳದಲ್ಲಿ ನಡುವೆ ಒಂದೇ ತೂತು, ಪಿನ್ನು ನೇರವಾಗಿ ಇಳಿಯುತ್ತದೆ. ಅಮೆರಿಕದ ಹೈರಮ್ ಬರ್ಡಾನ್ ಅಡಿಗಲ್ಲನ್ನು ತೋಟಾದ ತಳದಲ್ಲೇ ಎಬ್ಬಿಸಿ, ಕಿಡಿಗೆ ಪಕ್ಕದಲ್ಲಿ ಎರಡು ತೂತು ಕೊಟ್ಟ. ಇಬ್ಬರ ಪೇಟೆಂಟೂ 1866ರದ್ದು. ತಮಾಷೆಯೆಂದರೆ ಇಂಗ್ಲಿಷಿನವನದು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನದನ್ನು ಯುರೋಪಿನ ಸೇನೆಗಳು ಎತ್ತಿಕೊಂಡವು. ನಿಮ್ಮ ಪಿನ್ನು ಆ ಗುಬುಟಿನ ನೆತ್ತಿಗೆ ಹೋಗಿ ಗುದ್ದಿದೆ. ಮುರಿಯದೆ ಇನ್ನೇನು?

ನನ್ನ ಹತ್ತಿರ ಒಂದು ಹಳೆಯ ಲೀ ಎನ್‌ಫೀಲ್ಡ್ .303 ಇದೆ. ಅದರ ಜೊತೆ ಬಂದ ಕಿರ್ಕಿ ಕಾರ್ಖಾನೆಯ ಹಳೆಯ ತೋಟಾಗಳೂ ಬರ್ಡಾನ್. ಪುಣೆಯ ಪಕ್ಕದಲ್ಲಿ ಹುಟ್ಟಿದ ತೋಟಾ ಟೆಕ್ಸಾಸಿನ ನನ್ನ ಗ್ಯಾರೇಜಿಗೆ ಬಂದು ನನ್ನ ಪಿನ್ನನ್ನೂ ಒಮ್ಮೆ ಮುರಿದಿದೆ.

ಒಂಟಿನಳಿಗೆ (ಮಡಿಕೇರಿ)

ಓದುತ್ತಾ ಕುಳಿತಿದ್ದೆ. ನಮ್ಮ ಕಡೆ ಇದಕ್ಕೆ ಕೇಪು ಎನ್ನುತ್ತೇವೆ. ಅಜ್ಜನದು ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಹಿಂದಿನ ಮೊಲೆಯ ಮೇಲೆ ಕೇಪು ಸಿಕ್ಕಿಸಿದರೆ ಆಯಿತು. ಈಡು ಹಾರಿದ ಮೇಲೆ ಕೇಪು ಹೂವಿನಂತೆ ಸೀಳಿ ತಾನೇ ಬಿದ್ದುಹೋಗುತ್ತಿತ್ತು. ಬೀಳದಿದ್ದರೆ ಉಗುರು ಸಾಕು. ತೋಟಾ ಕೋವಿ ಬಂದ ಮೇಲೆ ಕೇಪು ಹಿತ್ತಾಳೆಯ ಹೊಟ್ಟೆಗೆ ಸೇರಿತು ನೋಡಿ, ಅಲ್ಲಿಂದ ಈ ಪಂಚಾಯಿತಿ.

ನಮ್ಮವರು ಇದನ್ನು ಓದಿ ಆಸೆಪಡಬಾರದೆಂದು ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಕೆಳಗೆ ಬರುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದು ಬೇರೆ, ಹಿತ್ತಲಲ್ಲಿ ಪ್ರೆಸ್ ಇಟ್ಟುಕೊಂಡು ಕೂರುವುದು ಬೇರೆ.

ಗ್ಯಾರೇಜ್ ಭಟ್ಟ

ಒಳ್ಳೆಯದು ಹೇಳಿದಿರಿ. ಇಲ್ಲಿಯೂ ಸ್ವಂತ ಬಳಕೆಗೆ ತುಂಬಿಕೊಳ್ಳುವುದಕ್ಕೆ ಮಾತ್ರ ಫೆಡರಲ್ ಕಾನೂನಿನಲ್ಲಿ ಲೈಸೆನ್ಸ್ ಬೇಡ. ತುಂಬಿದ್ದನ್ನು ಮಾರಲು ಹೊರಟರೆ ತಯಾರಕರ ಲೈಸೆನ್ಸ್ ಕಡ್ಡಾಯ.

ಹಳೇ ಲೇತು

ಉಳಿದ ಎರಡು ಪಿನ್ನುಗಳು.

ಬಾಗಿದ್ದು ನಿಮ್ಮ ಕೈತಪ್ಪು, ಬೇಸರಿಸಬೇಡಿ. ಮೊದಲನೆಯ ಪಿನ್ನು ಬದಲಿಸುವಾಗ ಡೈಯ ಕಾಂಡವನ್ನು ಬಿಚ್ಚಿ ಮತ್ತೆ ತಿರುಗಿಸಿದಿರಲ್ಲ, ಆಗ ಅದು ಮೊದಲಿಗಿಂತ ಕೆಳಗೆ ಇಳಿದಿದೆ. ಪಿನ್ನು ಹಿಡಿದಿರುವ ನಟ್ಟೇ ತೋಟಾದ ತಳಕ್ಕೆ ತಾಗಿ ಕೂತಿದೆ. ಅಲ್ಲಿಂದ ಮುಂದೆ ನೀವು ತಳ್ಳುತ್ತಿದ್ದದ್ದು ಪ್ರೈಮರನ್ನಲ್ಲ, ಇಡೀ ತೋಟಾವನ್ನು. ಕಾಂಡ ಒಂದು ಕೂದಲಷ್ಟು ವಾಲಿದರೂ ಪಿನ್ನು ಬಾಗುತ್ತದೆ. ಡೈಯ ಬಾಯಿಂದ ಪಿನ್ನಿನ ತುದಿ ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗ, ಅಂದರೆ ಸುಮಾರು 5 ಮಿಲಿಮೀಟರ್ ಹೊರಗೆ ಕಂಡರೆ ಸಾಕು. ಪ್ರೈಮರ್ ಬಿದ್ದ ಸದ್ದು ಕೇಳಿದ ಮೇಲೆ ಇನ್ನೂ ಇಳಿಯುವ ಅಗತ್ಯವಿಲ್ಲ. ಕಾಂಡದ ಮೇಲಿನ ಲಾಕ್ ನಟ್ ಬಿಗಿಯುವಾಗ ಡೈಯೊಳಗೆ ಒಂದು ಒಳ್ಳೆಯ ತೋಟಾ ಏರಿಸಿ ನಿಲ್ಲಿಸಿಕೊಂಡು ಬಿಗಿಯಿರಿ, ಕಾಂಡ ತಾನೇ ನಡುವಿಗೆ ಬರುತ್ತದೆ.

ಕಚ್ಚಿಕೊಂಡದ್ದು ಪಾಲ್ಮಾ ಹಿತ್ತಾಳೆ ಇರಬೇಕು. 800ರಿಂದ 1000 ಗಜದ ಪಾಲ್ಮಾ ಪಂದ್ಯದವರಿಗಾಗಿ ಫಿನ್ಲೆಂಡಿನ ಲಾಪುವಾದವರು .308ರಲ್ಲಿ ಚಿಕ್ಕ ಪ್ರೈಮರಿನ ತೋಟಾ ಮಾಡುತ್ತಾರೆ. ಸಾಮಾನ್ಯ ತೋಟಾದ ಕಿಡಿತೂತು ಸುಮಾರು 2 ಮಿಲಿಮೀಟರ್. ಇದರದು ಒಂದೂವರೆ. ನಿಮ್ಮ ಪಿನ್ನು ಒಂದೂವರೆಗಿಂತ ದಪ್ಪ. ಹೋಗುವಾಗ ಹಿತ್ತಾಳೆಯನ್ನು ಒತ್ತರಿಸಿಕೊಂಡು ಹೋಯಿತು, ಬರುವಾಗ ಹಿತ್ತಾಳೆ ಬಿಡಲಿಲ್ಲ. ಕೊಟ್ಟ ಹಿರಿಯರು ಹಳೆಯ ಪಂದ್ಯಗಾರರೇ ಇರಬೇಕು, ಕೇಳಿ ನೋಡಿ.

ಈ ತೋಟಾಗಳಿಗೆ ತೆಳ್ಳಗಿನ ಪಿನ್ನು ಬೇರೆ ಸಿಗುತ್ತದೆ. ತೂತನ್ನೇ ಡ್ರಿಲ್ ಮಾಡಿ ದೊಡ್ಡದು ಮಾಡುವ ಬುದ್ಧಿ ಕೆಲವರಿಗೆ ಬರುತ್ತದೆ. ಬೇಡ. ಒಂದು ಚೀಲದಲ್ಲಿ ಎರಡು ಬಗೆಯ ತೂತು ಬೆರೆತರೆ ಪ್ರತಿ ಗುಂಡಿನ ನಡತೆಯೂ ಬೇರೆಯಾಗುತ್ತದೆ. ಕಚ್ಚಿಕೊಂಡ ಪಿನ್ನನ್ನು ಬಿಟ್ಟುಬಿಡಿ, ಆ ತೋಟಾ ಗುಜರಿಗೆ.

ಶರಾವತಿ

ಪಿನ್ನಿನ ಮಾತು ಮುಗಿಯಿತಾದರೆ ನನ್ನದು.

ಉರಿದ ಪ್ರೈಮರ್ ತಳ್ಳಿದಾಗ ಜೊತೆಗೆ ಉದುರುವ ಕಪ್ಪು ಪುಡಿಯನ್ನು ಗಮನಿಸಿದ್ದೀರಾ? ಈಗಿನ ಬಹುತೇಕ ಪ್ರೈಮರುಗಳಲ್ಲಿ ಉರಿಯುವ ವಸ್ತು ಸೀಸದ ಸ್ಟಿಫ್ನೇಟ್. ಉರಿದ ಮೇಲೆ ಸೀಸ ಎಲ್ಲಿಗೂ ಹೋಗುವುದಿಲ್ಲ, ಆ ಪುಡಿಯಲ್ಲೇ ಇರುತ್ತದೆ. ಕೈಗೆ, ಅಂಗಿಗೆ, ಮೇಜಿನ ಬಟ್ಟೆಗೆ ಅಂಟುತ್ತದೆ. ನಾಲ್ಕು ವರ್ಷದ ಮಗು ಅದೇ ಮೇಜಿನ ಮೇಲೆ ಬೆರಳಾಡಿಸಿ ಬಾಯಿಗಿಡುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ. ಈ ದೇಶದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಎಚ್ಚರಿಕೆಯ ಗೆರೆಯನ್ನು ಡೆಸಿಲೀಟರಿಗೆ 3.5 ಮೈಕ್ರೊಗ್ರಾಮಿಗೆ ಇಳಿಸಿತು. ಅದೂ ಸುರಕ್ಷತೆಯ ಗೆರೆಯಲ್ಲ.

ನಾನೂ ತಪ್ಪು ಮಾಡಿದವಳೇ. ಮೊದಲ ವರ್ಷ ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿದ ಕಂಪಿಸುವ ಬೋಗುಣಿಯಲ್ಲಿ ಹಿತ್ತಾಳೆ ಉಜ್ಜುತ್ತಿದ್ದೆ. ಮುಚ್ಚಳ ತೆಗೆದಾಗ ಬಿಸಿಲುಕೋಲಿನಲ್ಲಿ ಧೂಳು ತೇಲುವುದು ಕಾಣಿಸುತ್ತಿತ್ತು. ಚಂದ ಎಂದುಕೊಂಡಿದ್ದೆ! ವರ್ಷದ ಕೊನೆಗೆ ಮಾಮೂಲಿ ರಕ್ತಪರೀಕ್ಷೆಯಲ್ಲಿ ಸೀಸ ಏರಿದ್ದು ಗೊತ್ತಾಯಿತು. ಈಗ ಗ್ಯಾರೇಜಿನಲ್ಲಿ ಬೇರೆ ಮೇಜು, ಬೇರೆ ಅಂಗಿ, ತೆಳು ಕೈಗವಸು. ಕಸಬರಿಕೆ ಮುಟ್ಟುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಏನನ್ನಾದರೂ ಬಾಯಿಗಿಡುವ ಮೊದಲು ತಣ್ಣೀರು ಮತ್ತು ಸಾಬೂನು.

ನಿಮ್ಮ ಮೇಜಿನ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ.

ತುಂಗಾತೀರ

ಮೇಜು ಖಾಲಿಯಾಯಿತು. ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ಪ್ರೆಸ್ಸನ್ನು ಗ್ಯಾರೇಜಿಗೆ ಹೊತ್ತೊಯ್ದೆ, ಅಲ್ಲಿ ಮೈನಸ್ ಎಂಟು ಡಿಗ್ರಿ. ಮಗಳ ರಕ್ತಪರೀಕ್ಷೆಗೆ ಸೋಮವಾರ ಹೆಸರು ಬರೆಸುತ್ತೇನೆ. ಅಕ್ಕ, ಇದನ್ನು ಯಾವ ಪುಸ್ತಕದ ಮೊದಲ ಪುಟದಲ್ಲೂ ಹಾಕಿರಲಿಲ್ಲ, ಅಥವಾ ನಾನು ಮೊದಲ ಪುಟ ಓದಲಿಲ್ಲ.

ಹಾಗಾದರೆ ಮೊದಲು ತೊಳೆದು ಆಮೇಲೆ ಪ್ರೈಮರ್ ತೆಗೆಯಬೇಕೋ, ತೆಗೆದ ಮೇಲೆ ತೊಳೆಯಬೇಕೋ?

ಗ್ಯಾರೇಜ್ ಭಟ್ಟ

ಮೊದಲು ತೊಳೆಯಿರಿ. ರೇಂಜಿನ ಮಣ್ಣು, ಮರಳು ಎಲ್ಲ ಡೈಯೊಳಗೆ ಹೋದರೆ ಡೈ ಗೀರುತ್ತದೆ.

ಶರಾವತಿ

ಮೊದಲು ತೆಗೆಯಿರಿ. ಪ್ರೈಮರ್ ಇಟ್ಟುಕೊಂಡು ತೊಳೆದರೆ ಗುಳಿಯೊಳಗಿನ ಮಸಿ ಹಾಗೆಯೇ ಉಳಿಯುತ್ತದೆ, ನೀರೂ ಅಲ್ಲೇ ನಿಂತು ಹಸಿರು ಕಿಲುಬು ಕಟ್ಟುತ್ತದೆ. ಒಮ್ಮೆ ಒದ್ದೆಯಾಗಿ ಆರು ತಿಂಗಳು ಡಬ್ಬಿಯಲ್ಲಿ ಬಿದ್ದಿದ್ದ ಹಿತ್ತಾಳೆಯಿಂದ ಪ್ರೈಮರ್ ತೆಗೆಯಲು ಹೋದೆ. ಪಿನ್ನು ಪ್ರೈಮರಿನ ನಡುವನ್ನು ಬಿಲ್ಲೆಯಂತೆ ಕತ್ತರಿಸಿ ಹೊರಬಂತು. ಸುತ್ತಿನ ಬಳೆ ಗುಳಿಯಲ್ಲೇ ಉಳಿಯಿತು. ಚಿಮಟದಿಂದ ಕಿತ್ತೂ ಕಿತ್ತೂ ಉಗುರು ಹೋಯಿತು.

ಹಳೇ ಲೇತು

ಇಬ್ಬರೂ ಸರಿ, ಏಕೆಂದರೆ ಭಟ್ಟರು ಹೇಳುತ್ತಿರುವುದು ಸೈಜಿಂಗ್ ಡೈಯ ಮಾತು. ಪ್ರೈಮರ್ ತೆಗೆಯುವುದಕ್ಕೆ ಸೈಜಿಂಗ್ ಡೈಯೇ ಏಕೆ ಬೇಕು? ತೆಗೆಯುವುದಕ್ಕೆಂದೇ ಇರುವ ಡೈ ಸಿಗುತ್ತದೆ. ಅದರ ಒಳಗೋಡೆ ತೋಟಾಕ್ಕೆ ತಾಗುವುದೇ ಇಲ್ಲ, ಎಣ್ಣೆ ಹಚ್ಚುವ ಕೆಲಸವೂ ಇಲ್ಲ, ಮಣ್ಣಿದ್ದರೆ ಒರೆಸಿದರೆ ಸಾಕು. ಲೀ ಕಂಪನಿಯದರಲ್ಲಿ ಕಾಂಡವನ್ನು ಒಂದು ಕಾಲೆಟ್, ಅಂದರೆ ಸೀಳಿರುವ ಬಿಗಿಬಳೆ, ಹಿಡಿದಿರುತ್ತದೆ. ಬರ್ಡಾನ್ ಗುಬುಟಿಗೋ ಕಲ್ಲಿಗೋ ಗುದ್ದಿದರೆ ಪಿನ್ನು ಮುರಿಯುವ ಬದಲು ಕಾಂಡವೇ ಮೇಲಕ್ಕೆ ಜಾರುತ್ತದೆ. ಲೇತಿನಲ್ಲಿ ಶಿಯರ್ ಪಿನ್ ಇಡುವ ಹಾಗೆ, ಎಲ್ಲಿ ಸೋಲಬೇಕೆಂದು ಮೊದಲೇ ನಿಶ್ಚಯಿಸಿದ ಯಂತ್ರ. ಆ ಡೈಯಲ್ಲಿ ಪ್ರೈಮರ್ ತೆಗೆದು, ತೊಳೆದು, ಒಣಗಿಸಿ, ಆಮೇಲೆ ಶುಭ್ರವಾದ ಹಿತ್ತಾಳೆಯನ್ನು ಸೈಜಿಂಗ್ ಡೈಗೆ ಕೊಡಿ.

ಒಂಟಿನಳಿಗೆ

ತೊಳೆಯುವುದಕ್ಕೆ ಹುಣಸೆಹಣ್ಣು ಆಗುವುದಿಲ್ಲವೇ? ಅಮ್ಮ ದೇವರ ದೀಪ ಬೆಳಗುವುದು ಅದರಲ್ಲೇ.

ಶರಾವತಿ

ಆಗುತ್ತದೆ, ತತ್ವ ಒಂದೇ. ನಾವು ಸ್ಟೀಲಿನ ಸಣ್ಣ ಕಡ್ಡಿಗಳು, ನೀರು, ಪಾತ್ರೆ ತೊಳೆಯುವ ಸೋಪು ಮತ್ತು ಒಂದು ಚಿಟಿಕೆ ನಿಂಬೆಹುಳಿ ಹಾಕಿ ಪಿಪಾಯಿಯಲ್ಲಿ ಉರುಳಿಸುತ್ತೇವೆ. ಹುಳಿ ಜಾಸ್ತಿಯಾದರೆ ಹಿತ್ತಾಳೆಯ ಮೇಲ್ಮೈಯಿಂದ ಸತು ಕರಗಿ ತಾಮ್ರದ ಗುಲಾಬಿ ಬಣ್ಣ ಬರುತ್ತದೆ. ಅಡುಗೆಮನೆಯ ಪಾತ್ರೆ ಮಾತ್ರ ಬಳಸಬೇಡಿ. ಬೂದು ನೀರನ್ನು ಟೊಮೇಟೊ ಗಿಡಕ್ಕೆ ಸುರಿಯಬೇಡಿ. ನಾನು ಡಬ್ಬಿಯಲ್ಲಿ ತುಂಬಿಟ್ಟು ಕೌಂಟಿಯ ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಕೊಡುತ್ತೇನೆ. ಒಣಗಿದ ಮೇಲೆ ಪ್ರತಿಯೊಂದರ ಕಿಡಿತೂತನ್ನೂ ಬೆಳಕಿಗೆ ಹಿಡಿಯಿರಿ, ಎರಡು ಸ್ಟೀಲ್ ಕಡ್ಡಿ ಜೊತೆಯಾಗಿ ತೂತಿನಲ್ಲಿ ಸಿಕ್ಕಿಕೊಂಡು ಕೂತಿರುತ್ತವೆ.

ಹಳೇ ಲೇತು

ಹುಳಿ ಸರಿ, ಅಮೋನಿಯ ಇರುವ ಪಾಲಿಶ್ ಬೇಡವೇ ಬೇಡ. ಇದಕ್ಕೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಭಾರತದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆಗಾಲ ಬಂತೆಂದರೆ ಹಿತ್ತಾಳೆ ಸುಮ್ಮಸುಮ್ಮನೆ ಬಿರುಕು ಬಿಡುತ್ತಿತ್ತು. ಮಳೆಗಾಲದ ಖಾಯಿಲೆ ಎಂದೇ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಂತು. ಕಾರಣ ಪತ್ತೆಯಾಗಿ ಪ್ರಕಟವಾದದ್ದು 1921ರಲ್ಲಿ. ಕುದುರೆ ಉಚ್ಚೆಯ ಅಮೋನಿಯ, ಗಾಳಿಯ ತೇವ, ಎಳೆದು ತಯಾರಿಸಿದ ಹಿತ್ತಾಳೆಯೊಳಗೆ ಉಳಿದ ಬಿಗುವು, ಮೂರೂ ಸೇರಿ ಸೀಳುತ್ತಿದ್ದವು. ತರಬೇತಿಯ ಹುಡುಗರಿಗೆ ಈ ಕಥೆ ಹೇಳಿದರೆ ಮತ್ತೆ ಯಾರೂ ಅಮೋನಿಯದ ಬಾಟಲಿ ಮುಟ್ಟುತ್ತಿರಲಿಲ್ಲ.

ತುಂಗಾತೀರ · ಭಾನುವಾರ ರಾತ್ರಿ

ವರದಿ ಒಪ್ಪಿಸುತ್ತಿದ್ದೇನೆ. ಪೇಟೆಗೆ ಹೋಗಿ ಬೇರೆ ಡೈ ತಂದೆ. ಒಂದೊಂದನ್ನೂ ಟಾರ್ಚಿನಲ್ಲಿ ನೋಡಿ ಮೂರು ಡಬ್ಬಿಗೆ ಹಾಕಿದೆ. ಬರ್ಡಾನ್ 11. ಚಿಕ್ಕ ಪ್ರೈಮರಿನ ಪಾಲ್ಮಾ 58, ಗುಜರಿಗೆ ಹೋದದ್ದನ್ನು ಬಿಟ್ಟು. ಉಳಿದವು ಸಾಮಾನ್ಯ. ಅವುಗಳಲ್ಲಿ ಭಟ್ಟರು ಹೇಳಿದ ನೇಟೊ ಗುರುತಿನವೂ ಇವೆ, ಬಿಗಿಯಾಗಿ ಬಂದವು, ಪಿನ್ನಿಗೆ ಏನೂ ಆಗಲಿಲ್ಲ.

ಒಂದು ತೋಟಾದ ಪ್ರೈಮರಿನಲ್ಲಿ ಸೂಜಿಯ ಗುರುತು ಇದೆ, ಆದರೆ ಮಸುಕಾಗಿದೆ. ಒಳಗೆ ನೋಡಿದರೆ ಮಸಿಯೇ ಇಲ್ಲ. ಅದು ಉರಿದೇ ಇಲ್ಲ ಎಂದು ನನ್ನ ಅನುಮಾನ. ಎಣ್ಣೆಯಲ್ಲಿ ನೆನೆಸಿದರೆ ಸಾಯುತ್ತದೆಯೇ?

ಹಳೇ ಲೇತು

ಎಣ್ಣೆಯನ್ನು ನಂಬಬೇಡಿ. ಎಷ್ಟೋ ಪ್ರೈಮರುಗಳು ವಾರಗಟ್ಟಲೆ ಎಣ್ಣೆಯಲ್ಲಿ ನೆಂದೂ ಸಿಡಿದಿವೆ. ನಿಮ್ಮಂಥ ಹೊಸಬರು ಅದನ್ನು ತೆಗೆಯಲು ಹೋಗಬೇಡಿ. ಒಂದು ತೋಟಾದ ಆಸೆಗೆ ಏಕೆ? ಬೇರೆ ಡಬ್ಬಿಯಲ್ಲಿ ಗುರುತು ಬರೆದಿಟ್ಟು ಕ್ಲಬ್ಬಿನ ರೇಂಜ್ ಅಧಿಕಾರಿಯ ಕೈಗೆ ಕೊಡಿ. ಸುತ್ತಿಗೆ, ಪಂಚ್ ಅಂತೂ ಹತ್ತಿರ ತರಬೇಡಿ. ಕನ್ನಡಕ ಹಾಕಿಕೊಂಡೇ ತಾನೇ ಮಾಡಿದಿರಿ?

ತುಂಗಾತೀರ

ಓದುವ ಕನ್ನಡಕ.

ಶರಾವತಿ

ಅದು ಕನ್ನಡಕವಲ್ಲ. ನಾಳೆಯೇ ರಕ್ಷಣೆಯ ಕನ್ನಡಕ ತನ್ನಿ.

ಗ್ಯಾರೇಜ್ ಭಟ್ಟ

ಆ 11 ಬರ್ಡಾನ್ ತೋಟಾಗಳನ್ನು ಎಸೆಯಬೇಡಿ. ಬಾಯಿತನಕ ನೀರು ತುಂಬಿ, ತೋಟಾದ ಕತ್ತಿನೊಳಗೆ ಬಿಗಿಯಾಗಿ ಕೂರುವ ಮರದ ಕೋಲನ್ನು ಇಟ್ಟು ಮೇಲಿನಿಂದ ಒಂದು ಏಟು ಹಾಕಿದರೆ ನೀರಿನ ಒತ್ತಡಕ್ಕೆ ಪ್ರೈಮರ್ ಹಾರಿ ಬೀಳುತ್ತದೆ. ಉರಿದ ಪ್ರೈಮರಿಗೆ ಮಾತ್ರ ಈ ವಿದ್ಯೆ, ಅನುಮಾನದ್ದಕ್ಕೆ ಬೇಡ. ತಮಾಷೆಗೆ ಮಾಡಿ ನೋಡಿ, ತುಂಬಲು ಬರ್ಡಾನ್ ಪ್ರೈಮರ್ ಇಲ್ಲಿ ಸಿಗುವುದೇ ಕಷ್ಟ. ನಾನು ಕಿರ್ಕಿಯವಕ್ಕೆ ಮಾಡಿದ್ದೆ. ಅರ್ಧ ನೀರು ನನ್ನ ಮುಖಕ್ಕೇ ಬಂತು.

ತುಂಗಾತೀರ

ಮೈನಸ್ ಎಂಟರಲ್ಲಿ ನೀರಿನ ಆಟ ಬೇಡ, ವಸಂತಕ್ಕೆ ಇಟ್ಟುಕೊಳ್ಳುತ್ತೇನೆ. ಹಿತ್ತಾಳೆ ಕೊಟ್ಟ ಹಿರಿಯರಿಗೆ ಫೋನ್ ಮಾಡಿದ್ದೆ. ಲೇತು ಸರ್ ಹೇಳಿದ್ದು ನಿಜ, ಹದಿನೈದು ವರ್ಷ ಪಾಲ್ಮಾ ಆಡಿದವರು. ಆ 58 ತಪ್ಪಿ ಚೀಲಕ್ಕೆ ಸೇರಿದ್ದವಂತೆ, ಮೂರು ತಿಂಗಳಿಂದ ಹುಡುಕುತ್ತಿದ್ದರಂತೆ. ಮುಂದಿನ ಶನಿವಾರ ವಾಪಸು ಕೊಡಬೇಕು. ಒಂದು ಗುಜರಿಗೆ ಹೋಯಿತೆಂದು ಇನ್ನೂ ಹೇಳಿಲ್ಲ.